ಹಲ್ಲು ಸುಮಾರು ಎರಡು ಸಾವಿರ, ಬುರುಡೆ ಒಂದೂ ಇಲ್ಲ!

1935. ಹಾಂಗ್‌ಕಾಂಗ್‌ನ ಒಂದು ಚೀನಿ ಔಷಧಿ ಅಂಗಡಿ. ಅಲ್ಲಿ ‘ಡ್ರ್ಯಾಗನ್ ಹಲ್ಲು’ ಮಾರಾಟಕ್ಕಿದೆ! ಅರೆದು ಕುಡಿದರೆ ಕಾಯಿಲೆ ಮಂಗಮಾಯ ಅನ್ನುವ ನಂಬಿಕೆ. ವಿಜ್ಞಾನಿ ಫಾನ್ ಕ್ಯೋನಿಗ್ಸ್‌ವಾಲ್ಡ್ ಅಂಥ ಹಲ್ಲುಗಳ ರಾಶಿಗೆ ಕೈ ಹಾಕುತ್ತಾರೆ. ಸಿಕ್ಕಿದ್ದು ಒಂದು ದವಡೆ ಹಲ್ಲು. ಅದರ ಉದ್ದಗಲ ಎರಡು ಸೆಂಟಿಮೀಟರಿನಷ್ಟು!

ಯಾರದ್ದು ಹೇಳಿ ನೋಡೋಣ! ಹುಲಿಯದ್ದೇ? ಅಲ್ಲ. ಕರಡಿಯದ್ದೇ? ಅಲ್ಲವೇ ಅಲ್ಲ.

ವಾನರನದ್ದು!

ಹೆಸರು ಜೈಗ್ಯಾಂಟೊಪಿಥೆಕಸ್. ಎತ್ತರ ಸುಮಾರು ಮೂರು ಮೀಟರ್, ತೂಕ 200ರಿಂದ 300 ಕಿಲೋ ಇದ್ದಿರಬಹುದು ಎಂಬ ಅಂದಾಜು. ನಮಗೆ ಗೊತ್ತಿರುವ ವಾನರರಲ್ಲೆಲ್ಲ ಇದೇ ದೈತ್ಯ!

ಇಷ್ಟು ದೊಡ್ಡ ಪ್ರಾಣಿಯ ಮೂಳೆ ಎಷ್ಟು ಸಿಕ್ಕಿರಬಹುದು? ತೊಡೆ? ಪಕ್ಕೆಲುಬು? ಒಂದೂ ಇಲ್ಲ! ನಾಲ್ಕು ಕೆಳದವಡೆ, ಸುಮಾರು ಎರಡು ಸಾವಿರ ಬಿಡಿ ಹಲ್ಲು. ಮುಗಿಯಿತು! ದಕ್ಷಿಣ ಚೀನಾದ ಗುಹೆಗಳಲ್ಲಿ ಮೂಳೆಗಳನ್ನು ಕಡಿದು ಮುಗಿಸಿದ್ದು ಯಾರು ಗೊತ್ತೇ? ಮುಳ್ಳುಹಂದಿಗಳು! ಹಲ್ಲಿನ ಬೇರನ್ನೂ ಬಿಟ್ಟಿಲ್ಲ ಪುಣ್ಯಾತ್ಮರು. ಗಟ್ಟಿ ಎನಾಮಲ್ ಮಾತ್ರ ಅವುಗಳಿಂದ ಬಚಾವಾಯಿತು.

ದೈತ್ಯನ ಬದುಕನ್ನು ತಿಳಿಯಲು ಆ ಎನಾಮಲ್ ಒಂದೇ ಸಾಕು!

ಹೇಗೆ? ಗಿಡಗಳು ಗಾಳಿಯಿಂದ ಇಂಗಾಲ ಹೀರುವ ರೀತಿ ಒಂದೇ ಅಲ್ಲ. ಮರಗಿಡ, ಭತ್ತ, ಗೋಧಿಯದು ಒಂದು ದಾರಿ. ರಾಗಿ, ಜೋಳ, ಕಬ್ಬು, ಬಯಲಿನ ಬಿಸಿಲು ಹುಲ್ಲಿನದು ಇನ್ನೊಂದು. ಎರಡೂ ಬಗೆಯಲ್ಲಿ ಇಂಗಾಲದ ಹಗುರ ಮತ್ತು ಭಾರ ಪರಮಾಣುಗಳ ಪ್ರಮಾಣ ಬೇರೆ. ತಿಂದವರ ಹಲ್ಲಿಗೂ ಆ ಲೆಕ್ಕ ಇಳಿಯುತ್ತದೆ! ಬಾಲ್ಯದಲ್ಲಿ ಮುದ್ದೆಯನ್ನೇ ಉಂಡವರು ಯಾರು, ಕುಚ್ಚಲಕ್ಕಿ ಗಂಜಿಯನ್ನೇ ಕುಡಿದವರು ಯಾರು ಎಂದು ಎನಾಮಲ್ ಚಾಡಿ ಹೇಳಿಬಿಡುತ್ತದೆ!

ನಮ್ಮ ದೈತ್ಯನ ಹಲ್ಲು ಹೇಳಿದ್ದು ಒಂದೇ ಮಾತು: ಕಾಡು, ಕಾಡು, ಕಾಡು! ಬಯಲಿನ ಹುಲ್ಲಿನ ಸುಳಿವೇ ಇಲ್ಲ.

ಇನ್ನೂ ಇದೆ, ತಾಳಿ! ಹಲ್ಲು ಬೆಳೆಯುವುದು ಪದರಪದರವಾಗಿ. ಆಹಾರದಲ್ಲಿನ ಸ್ಟ್ರಾನ್ಷಿಯಂ, ಬೇರಿಯಂಗಳು ಅದರಲ್ಲಿ ಪಟ್ಟಿಪಟ್ಟಿಯಾಗಿ ಕೂರುತ್ತವೆ. ಹಳೆಯ ಹಲ್ಲುಗಳಲ್ಲಿ ಪಟ್ಟಿ ಸ್ಪಷ್ಟ: ಬಗೆಬಗೆಯ ಆಹಾರ, ನೀರಿಗೆ ತೊಂದರೆಯಿಲ್ಲ. ಕೊನೆಗಾಲದ ಹಲ್ಲುಗಳಲ್ಲೋ, ಪಟ್ಟಿಗಳೆಲ್ಲ ಕಲಸಿಹೋಗಿವೆ! ದೀರ್ಘಕಾಲದ ಸಂಕಟದ ಗುರುತು ಅದು. ಮಳೆಗಾಲ, ಒಣಗಾಲಗಳ ಅಂತರ ಹೆಚ್ಚಿತ್ತು. ಹಣ್ಣು ಕೈಕೊಟ್ಟಿತು. ಸತ್ವವಿಲ್ಲದ ತೊಗಟೆ, ಕಡ್ಡಿಯೇ ಗತಿಯಾಯಿತು!

ಪಕ್ಕದಲ್ಲೇ ಇದ್ದ ಒರಾಂಗುಟಾನ್ ಏನು ಮಾಡಿತು? ಸಿಕ್ಕಿದ್ದನ್ನು ತಿನ್ನಲು ಕಲಿತು ಅಷ್ಟೊಂದು ಬಳಲದೆ ಪಾರಾಯಿತು! ದೈತ್ಯ ಬದಲಾಗಲಿಲ್ಲ. ದಕ್ಷಿಣ ಚೀನಾದ ಗುವಾಂಗ್ಸಿಯ 22 ಗುಹೆಗಳನ್ನು ಜಾಲಾಡಿದ ತಂಡ 2024ರಲ್ಲಿ ಅದರ ಅಳಿವಿನ ಕಾಲವನ್ನೂ ಹೇಳಿತು: 2,95,000ದಿಂದ 2,15,000 ವರ್ಷಗಳ ಹಿಂದೆ.

ಅತಿ ದೊಡ್ಡ ಅಚ್ಚರಿಯನ್ನು ಬೇಕೆಂದೇ ಮುಚ್ಚಿಟ್ಟಿದ್ದೆ! ಬಿಸಿ, ತೇವದ ಆ ನಾಡಿನಲ್ಲಿ ಡಿಎನ್‌ಎ ಅಷ್ಟು ಕಾಲ ಬಾಳುವುದಿಲ್ಲ. ಆದರೆ 2019ರಲ್ಲಿ ಒಂದು ಹಲ್ಲಿನ ಎನಾಮಲ್‌ನಿಂದ ಪ್ರೋಟೀನು ಹೊರಬಂತು. ಎಷ್ಟು ಹಳೆಯ ಹಲ್ಲು? ಹತ್ತು ಸಾವಿರ ವರ್ಷ? ಲಕ್ಷ? ಹತ್ತೊಂಬತ್ತು ಲಕ್ಷ ವರ್ಷ! ಅದು ಬಯಲು ಮಾಡಿದ ನಂಟು ಯಾರ ಜೊತೆ ಗೊತ್ತೇ? ಅದೇ ಒರಾಂಗುಟಾನ್ ಜೊತೆ! ಒಂದು ಕೋಟಿ ವರ್ಷಕ್ಕೂ ಹಿಂದೆ ಕವಲೊಡೆದ ದಾಯಾದಿಗಳು!

ನಮ್ಮ ದೈತ್ಯ ಎರಡು ಕಾಲಲ್ಲಿ ನಡೆಯಿತೋ, ನಾಲ್ಕರಲ್ಲೋ? ಅದಕ್ಕೆ ತೊಡೆಮೂಳೆಯೇ ಬೇಕು. ಮುಳ್ಳುಹಂದಿಗಳೇ, ಒಂದನ್ನಾದರೂ ಉಳಿಸಬಾರದಿತ್ತೇ!