ಅಸಲು ಉಳಿಯಬೇಕು, ಧರ್ಮ ನಡೆಯಬೇಕು
ಕುಟುಂಬ ದತ್ತಿಗಳು ಕೆಲಸ ಮಾಡುವ ಬಗೆ

ಶಾಲೆ ಕಾಲೇಜುಗಳ ವಾರ್ಷಿಕೋತ್ಸವದಲ್ಲಿ ‘ದತ್ತಿ ಬಹುಮಾನ’ಗಳನ್ನು ಹಂಚುವುದನ್ನು ನೀವು ನೋಡಿರುತ್ತೀರಿ. ಊರಿನ ಹಿರಿಯರೊಬ್ಬರು ತಮ್ಮ ತಂದೆತಾಯಿಯ ಹೆಸರಿನಲ್ಲಿ ಸ್ವಲ್ಪ ಹಣವನ್ನು ಪುದುವಟ್ಟಾಗಿ ಇಟ್ಟಿರುತ್ತಾರೆ. ಅದರ ಬಡ್ಡಿಯಿಂದ ಪ್ರತಿವರ್ಷ ಗಣಿತದಲ್ಲೋ ಕನ್ನಡದಲ್ಲೋ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಸಲ್ಲುತ್ತದೆ. ಈ ಪದ್ಧತಿ ನಮಗೆ ಹೊಸದಲ್ಲ. ದೇವಾಲಯದಲ್ಲಿ ಹೊನ್ನನ್ನಿಟ್ಟು, ಅದರ ಬಡ್ಡಿಯಿಂದ ನಂದಾದೀಪ ಉರಿಯಲಿ ಎಂದು ಬರೆಸಿದ ಶಾಸನಗಳು ಕನ್ನಡ ನಾಡಿನಲ್ಲಿ ದೊರೆತಿವೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಐವತ್ತು ವರ್ಷಗಳ ಹಿಂದೆ ಒಬ್ಬರು 1,000 ರೂಪಾಯಿ ಇಟ್ಟರೆನ್ನಿ. ನೂರಕ್ಕೆ 5ರ ಬಡ್ಡಿಯಂತೆ ವರ್ಷಕ್ಕೆ 50 ರೂಪಾಯಿ. ಅಂದು ಆ ಹಣಕ್ಕೆ ಕೆಲವು ಒಳ್ಳೆಯ ಪುಸ್ತಕಗಳು ಬರುತ್ತಿದ್ದವು. ಇಂದು ಒಂದೂ ಬರುವುದು ಕಷ್ಟ. ಅಸಲು ಕರಗಿಲ್ಲ, ಬಡ್ಡಿ ತಪ್ಪಿಲ್ಲ, ಯಾರೂ ಮೋಸ ಮಾಡಿಲ್ಲ. ಆದರೂ ದಾನಿಯ ಉದ್ದೇಶ ಸೋತುಹೋಗಿದೆ. ಕೋಟಿಗಟ್ಟಲೆ ಹಣವಿರುವ ಕುಟುಂಬ ದತ್ತಿಗಳೂ ಎದುರಿಸುವ ಮೊದಲ ಪ್ರಶ್ನೆ ಇದೇ. ಮುಂಬಯಿಯ ಟಾಟಾ ದತ್ತಿಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಹಣ ಯಾರದು?

ದಾನಿಯು ನ್ಯಾಸಪತ್ರಕ್ಕೆ ಸಹಿ ಮಾಡಿ ಆಸ್ತಿಯನ್ನು ಒಪ್ಪಿಸಿದ ಮೇಲೆ ಅದು ಅವನದಾಗಿ ಉಳಿಯುವುದಿಲ್ಲ; ಅವನ ಮಕ್ಕಳದೂ ಅಲ್ಲ. ಅದನ್ನು ನೋಡಿಕೊಳ್ಳುವ ಟ್ರಸ್ಟಿಗಳು, ಅಂದರೆ ಧರ್ಮದರ್ಶಿಗಳು, ಕಾವಲುಗಾರರು ಮಾತ್ರ. ಪತ್ರದಲ್ಲಿ ಬರೆದ ಉದ್ದೇಶವನ್ನು ಬಿಟ್ಟು ಬೇರೆಡೆ ಖರ್ಚು ಮಾಡಲು ಅವರಿಗೆ ಅಧಿಕಾರವಿಲ್ಲ. ಆದ್ದರಿಂದ ಆ ಪತ್ರವನ್ನು ಹೇಗೆ ಬರೆದಿದ್ದಾರೆ ಎಂಬುದು ಬಹಳ ಮುಖ್ಯ.

ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್ಜಿ ಅವರನ್ನು ನೋಡಿ. ಅವರಿಗೆ ಮಕ್ಕಳಿರಲಿಲ್ಲ. ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ, ತಾವು ಸಾಯುವ ಮುನ್ನ, ದೊರಾಬ್ಜಿ ಎರಡು ದತ್ತಿಗಳನ್ನು ಸ್ಥಾಪಿಸಿದರು. ಪತ್ನಿಯ ಹೆಸರಿನ ದತ್ತಿಯ ಮುಖ್ಯ ಗುರಿ ರಕ್ತದ ಕ್ಯಾನ್ಸರಿನ ಸಂಶೋಧನೆ. ತಮ್ಮ ಹೆಸರಿನ ದತ್ತಿಗೆ ಮಾತ್ರ ವಿಶಾಲವಾದ ಗುರಿಯಿಟ್ಟರು: ವಿದ್ಯೆ, ಸಂಶೋಧನೆ, ಸಂಕಟದಲ್ಲಿರುವವರಿಗೆ ನೆರವು; ಊರು, ದೇಶ, ಮತಗಳ ಭೇದವಿಲ್ಲ. ಕಿರಿದಾದ ಗುರಿ ಕೆಲಸವನ್ನು ಚದುರಲು ಬಿಡುವುದಿಲ್ಲ. ವಿಶಾಲವಾದ ಗುರಿ ಕಾಲ ಬದಲಾದಂತೆ ಹೊಸ ಕೆಲಸಗಳಿಗೆ ಎಡೆ ಕೊಡುತ್ತದೆ.

ಮೂಲನಿಧಿಯ ನಿರ್ವಹಣೆ

ದೊರಾಬ್ಜಿ ಕೊಟ್ಟ ಆಸ್ತಿಯಲ್ಲಿ ಟಾಟಾ ಕಂಪನಿಗಳ ಷೇರುಗಳು, ಜಮೀನು ಕಟ್ಟಡಗಳು ಹಾಗೂ ಪತ್ನಿಯ ಒಡವೆಗಳು ಇದ್ದವು. ಒಡವೆಗಳಲ್ಲಿ 245 ಕ್ಯಾರಟ್ ತೂಕದ ಜ್ಯೂಬಿಲಿ ವಜ್ರವೂ ಒಂದು. ಅದನ್ನು 1937ರಲ್ಲಿ ಮಾರಲಾಯಿತು. ವಜ್ರ ಎಷ್ಟೇ ಬೆಲೆಬಾಳಿದರೂ ವರ್ಷಕ್ಕೆ ಒಂದು ಕಾಸಿನ ಆದಾಯವನ್ನೂ ಕೊಡುವುದಿಲ್ಲ. ದತ್ತಿಗೆ ಬೇಕಾದದ್ದು ಹಾಲು ಕರೆಯುವ ಹಸು.

ನಿಧಿಯನ್ನು ಒಂದು ಕೆರೆಯೆಂದು ಭಾವಿಸಿ. ತೂಬಿನಿಂದ ಹೊರಡುವ ನೀರು ದಾನ. ಬಿಸಿಲಿಗೆ ಆವಿಯಾಗುವ ನೀರು ಬೆಲೆಯೇರಿಕೆ. ಆವಿಯಾದದ್ದನ್ನು ಲೆಕ್ಕಕ್ಕೆ ಹಿಡಿಯದೆ ತೂಬು ಎತ್ತಿದರೆ ಕೆರೆ ಬತ್ತುತ್ತದೆ. ನಿಧಿ 100 ರೂಪಾಯಿ, ಆದಾಯ 9, ಬೆಲೆಯೇರಿಕೆ ನೂರಕ್ಕೆ 5 ಎಂದಿಟ್ಟುಕೊಳ್ಳಿ. ಒಂಬತ್ತನ್ನೂ ಪ್ರತಿವರ್ಷ ಖರ್ಚು ಮಾಡಿದರೆ, ಸುಮಾರು 14 ವರ್ಷಗಳಲ್ಲಿ ಆ ನೂರರ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ನಿಧಿ ಕುಗ್ಗಬಾರದೆಂದರೆ 4 ರೂಪಾಯಿ ಕೊಟ್ಟು 5 ರೂಪಾಯಿಯನ್ನು ಅಸಲಿಗೆ ಸೇರಿಸಬೇಕು.

ಆದರೆ ಅಷ್ಟು ಉಳಿಸಲು ನಮ್ಮ ತೆರಿಗೆ ಕಾನೂನು ಸುಲಭವಾಗಿ ಬಿಡುವುದಿಲ್ಲ. ತೆರಿಗೆ ವಿನಾಯಿತಿ ಬೇಕಾದರೆ ದತ್ತಿಯು ಆಯಾ ವರ್ಷದ ಆದಾಯದಲ್ಲಿ ನೂರಕ್ಕೆ 85ರಷ್ಟನ್ನು ಧರ್ಮಕಾರ್ಯಕ್ಕೆ ಬಳಸಬೇಕು. ಹಾಗಾದರೆ 9 ರೂಪಾಯಿಯಲ್ಲಿ ಉಳಿಯುವುದು 1 ರೂಪಾಯಿ 35 ಪೈಸೆ ಮಾತ್ರ. ನಿಶ್ಚಿತವಾದ ದೊಡ್ಡ ಕೆಲಸವಿದ್ದರೆ, ಇಲಾಖೆಗೆ ತಿಳಿಸಿ ಐದು ವರ್ಷಗಳವರೆಗೆ ಹಣ ಕೂಡಿಡಬಹುದು. ಕಾನೂನಿನ ಆಶಯ ಸ್ಪಷ್ಟ: ಧರ್ಮದ ಹೆಸರಿನಲ್ಲಿ ತೆರಿಗೆ ಉಳಿಸಿ ಹಣವನ್ನು ಗುಡ್ಡೆ ಹಾಕಬಾರದು. ಅಮೆರಿಕದಲ್ಲಿ 1969ರ ಕಾನೂನಿನಿಂದ ಬೆಳೆದ ನಿಯಮ ಬೇರೆ ಬಗೆಯದು. ಅಲ್ಲಿ ಖಾಸಗಿ ದತ್ತಿಗಳು ವರ್ಷಕ್ಕೆ ತಮ್ಮ ಹೂಡಿಕೆಯ ಮೌಲ್ಯದ ಸುಮಾರು ನೂರಕ್ಕೆ 5ರಷ್ಟನ್ನು ಕೊಡಬೇಕು.

ಹಾಗಿದ್ದರೂ ಟಾಟಾ ದತ್ತಿಗಳ ನಿಧಿ ಬೆಳೆದದ್ದು ಹೇಗೆ? ಉತ್ತರ ಷೇರುಗಳಲ್ಲಿದೆ. ಎಲ್ಲ ಟಾಟಾ ದತ್ತಿಗಳೂ ಸೇರಿ ಟಾಟಾ ಸನ್ಸ್ ಕಂಪನಿಯ ಸುಮಾರು ಮೂರನೆಯ ಎರಡು ಭಾಗದ ಒಡೆತನ ಹೊಂದಿವೆ. ಕಂಪನಿ ತನ್ನ ಲಾಭದ ಒಂದು ಭಾಗವನ್ನು ಡಿವಿಡೆಂಡ್ ಆಗಿ ಹಂಚಿ, ಉಳಿದುದನ್ನು ಉದ್ಯಮದಲ್ಲೇ ತೊಡಗಿಸುತ್ತದೆ. ದತ್ತಿಯ ಆದಾಯವೆಂದು ಲೆಕ್ಕಕ್ಕೆ ಬರುವುದು ಡಿವಿಡೆಂಡ್ ಮಾತ್ರ. ಷೇರಿನ ಬೆಲೆ ತಾನಾಗಿ ಏರುತ್ತಿರುತ್ತದೆ. ಅಂದರೆ ಅಸಲಿಗೆ ಸೇರಿಸುವ ಕೆಲಸ ಕಂಪನಿಯೊಳಗೇ ನಡೆಯುತ್ತದೆ. ಈ ದಾರಿ ಇಂದು ಎಲ್ಲರಿಗೂ ತೆರೆದಿಲ್ಲ. ದತ್ತಿಗಳು ಸಾಮಾನ್ಯವಾಗಿ ಕಾನೂನು ಸೂಚಿಸಿದ ಬ್ಯಾಂಕ್ ಠೇವಣಿ, ಸರ್ಕಾರಿ ಪತ್ರ ಮುಂತಾದವುಗಳಲ್ಲೇ ಹಣ ತೊಡಗಿಸಬೇಕು. 1973ರ ಜೂನ್ 1ರಂದು ಮೂಲನಿಧಿಯಲ್ಲಿದ್ದ ಆಸ್ತಿಗೆ ವಿನಾಯಿತಿಯಿದೆ.

ಇದರಲ್ಲಿ ಅಪಾಯವೂ ಉಂಟು. ಸಂಪತ್ತೆಲ್ಲ ಒಂದೇ ಉದ್ಯಮ ಸಮೂಹದಲ್ಲಿದ್ದರೆ, ಉದ್ಯಮಕ್ಕೆ ಕಷ್ಟ ಬಂದಾಗ ದಾನಕ್ಕೂ ಕಷ್ಟ. 1924ರಲ್ಲಿ ಉಕ್ಕಿನ ಕಂಪನಿ ಸಂಕಟಕ್ಕೆ ಸಿಲುಕಿದಾಗ ದೊರಾಬ್ಜಿ ತಮ್ಮ ಸ್ವಂತ ಆಸ್ತಿಯನ್ನು, ಪತ್ನಿಯ ಒಡವೆಗಳ ಸಮೇತ, ಒತ್ತೆಯಿಟ್ಟು ಸಾಲ ತರಬೇಕಾಯಿತು.

ಕೊಡುವ ವಿವೇಕ

ಕೊಡುವುದಕ್ಕೂ ಹಲವು ದಾರಿಗಳಿವೆ. ಮೊದಲನೆಯದು, ಹಿಂದಿರುಗುವ ಹಣ. ಜಮ್‌ಶೆಟ್‌ಜಿ 1892ರಲ್ಲಿ ಆರಂಭಿಸಿದ ದತ್ತಿ ವಿದೇಶ ವ್ಯಾಸಂಗಕ್ಕೆ ಸಾಲದ ರೂಪದಲ್ಲಿ ವಿದ್ಯಾರ್ಥಿವೇತನ ಕೊಡುತ್ತದೆ. ಒಬ್ಬರು ತೀರಿಸಿದ ಹಣ ಇನ್ನೊಬ್ಬರ ಓದಿಗೆ ಒದಗುತ್ತದೆ. ರಾಷ್ಟ್ರಪತಿಯಾಗಿದ್ದ ಕೆ. ಆರ್. ನಾರಾಯಣನ್, ನಮ್ಮ ತುಮಕೂರು ಜಿಲ್ಲೆಯ ವಿಜ್ಞಾನಿ ರಾಜಾ ರಾಮಣ್ಣ ಟಾಟಾ ನೆರವಿನಿಂದ ಇಂಗ್ಲೆಂಡಿನಲ್ಲಿ ಓದಿದವರು.

ಎರಡನೆಯದು, ಬೀಜ ಬಿತ್ತುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಜಮ್‌ಶೆಟ್‌ಜಿ ಮುಂಬಯಿಯ ಆಸ್ತಿಗಳನ್ನು ಮೀಸಲಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಅದೇ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ 1944ರಲ್ಲಿ ದೊರಾಬ್ಜಿ ದತ್ತಿಗೆ ಪತ್ರ ಬರೆದು ಮೂಲಭೂತ ಸಂಶೋಧನೆಗೆ ಒಂದು ಕೇಂದ್ರ ಬೇಕೆಂದು ಕೇಳಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಬೆಂಗಳೂರಿನಲ್ಲೇ ಕೆಲಸ ಆರಂಭಿಸಿ, ಅದೇ ವರ್ಷ ಮುಂಬಯಿಗೆ ಹೋಯಿತು. 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯನ್ನು 1957ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. ದತ್ತಿ ಸಸಿ ನೆಟ್ಟಿತು. ಮರಕ್ಕೆ ನೀರೆರೆಯುವ ಭಾರವನ್ನು ಸರ್ಕಾರ ಹೊತ್ತಿತು. ಅಷ್ಟರಲ್ಲಿ ದತ್ತಿಯ ಹಣ ಮತ್ತೊಂದು ಕೆಲಸಕ್ಕೆ ಬಿಡುವಾಯಿತು.

ಮೂರನೆಯದು, ದಿನನಿತ್ಯದ ನೆರವು. ಅರ್ಜಿ ಬಂದಾಗ ಪರಿಶೀಲನೆ, ಕಂತುಗಳಲ್ಲಿ ಹಣ ಬಿಡುಗಡೆ, ಖರ್ಚಿನ ಲೆಕ್ಕ, ಆಡಿಟ್. ಇದು ಬೇಸರ ತರಿಸುವ ಕೆಲಸವೆನ್ನಿಸಬಹುದು. ಆದರೆ ಕಾವಲುಗಾರರ ಪ್ರಾಮಾಣಿಕತೆ ಗೊತ್ತಾಗುವುದು ಇಲ್ಲಿಯೇ.

ಎಂದೆಂದಿಗೂ ಉಳಿಯಬೇಕೇ?

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಎಲ್ಲರೂ ಬಲ್ಲದ್ದು. ಆದರೆ ಹೊನ್ನನ್ನು ಕಾಯುತ್ತಾ ಕೂರುವುದನ್ನು ಒಪ್ಪದ ದಾನಿಗಳೂ ಇದ್ದಾರೆ. ದೊರಾಬ್ಜಿ ತೀರಿಕೊಂಡ 1932ರಲ್ಲೇ ನಿಧನರಾದ ಅಮೆರಿಕದ ಜೂಲಿಯಸ್ ರೋಸನ್‌ವಾಲ್ಡ್, ತಾವು ಸತ್ತ 25 ವರ್ಷಗಳೊಳಗೆ ನಿಧಿಯ ಅಸಲನ್ನೂ ಖರ್ಚು ಮಾಡಿ ಮುಗಿಸಬೇಕೆಂದು ವಿಧಿಸಿದ್ದರು. ಕಪ್ಪು ಜನರ ಮಕ್ಕಳಿಗಾಗಿ ಸಾವಿರಾರು ಶಾಲೆಗಳಿಗೆ ನೆರವಾದ ಆ ನಿಧಿ 1948ರಲ್ಲಿ ಮುಚ್ಚಿತು. ಗೇಟ್ಸ್ ಪ್ರತಿಷ್ಠಾನವೂ 2045ರಲ್ಲಿ ಮುಚ್ಚುವುದಾಗಿ 2025ರಲ್ಲಿ ಪ್ರಕಟಿಸಿತು. ಇಂದು ಹಸಿದಿರುವ ಮಗುವಿಗೆ ನಾಳೆಯ ಬಡ್ಡಿಯಿಂದ ಏನು ಪ್ರಯೋಜನ ಎಂಬುದು ಇವರ ವಾದ. ನಾಳೆ ಹುಟ್ಟುವ ಮಗುವಿಗೂ ಯಾರಾದರೂ ಇರಬೇಕಲ್ಲ ಎಂಬುದು ಇನ್ನೊಂದು ವಾದ. ಎರಡರಲ್ಲೂ ನ್ಯಾಯವಿದೆ.

ಮಾಡಿ ನೋಡಿ: ನಿಮ್ಮ ಕಾಲೇಜಿನ ದತ್ತಿ ಬಹುಮಾನಗಳ ಪಟ್ಟಿಯನ್ನು ಕೇಳಿ ಪಡೆಯಿರಿ. ಪ್ರತಿಯೊಂದನ್ನು ಯಾವ ವರ್ಷ, ಎಷ್ಟು ಹಣದಿಂದ ಸ್ಥಾಪಿಸಿದರು, ಇಂದು ಅದರಿಂದ ಏನು ಕೊಳ್ಳಬಹುದು ಎಂದು ಬರೆದಿಡಿ. ಆ ಪಟ್ಟಿಯನ್ನು ಪ್ರಾಂಶುಪಾಲರಿಗೂ ಹಳೆಯ ವಿದ್ಯಾರ್ಥಿಗಳ ಸಂಘಕ್ಕೂ ತೋರಿಸಿ. ಬತ್ತುತ್ತಿರುವ ಕೆರೆಗೆ ನಾಲ್ಕು ಕೊಡ ನೀರು ಸುರಿಯುವವರು ಅವರಲ್ಲೇ ಇರಬಹುದು.