ಹೃದ್ರೋಗವೂ ಗಡಿಯಾರವೂ

ವೈದ್ಯಶಾಸ್ತ್ರದ ಸಂಶೋಧನೆಯೆಂದರೆ ದೂರದ ಪ್ರಯೋಗಶಾಲೆಗಳಲ್ಲಿ ಪಂಡಿತರು ನಡೆಯಿಸುವ ಕಾರ್ಯವೆಂದೂ, ತಾಲ್ಲೂಕು ಆಸ್ಪತ್ರೆಯ ಮಂಚದ ಮೇಲೆ ಮಲಗಿರುವ ರೋಗಿಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂದೂ ನಮ್ಮಲ್ಲಿ ಅನೇಕರು ಭಾವಿಸಿರುವರು. ಹೃದಯಾಘಾತದ ಚಿಕಿತ್ಸೆಯ ಚರಿತ್ರೆಯನ್ನು ನೋಡಿದರೆ ಈ ಭಾವನೆಯು ನಿಲ್ಲಲಾರದು.

ಹೃದಯದ ಸ್ನಾಯುವಿಗೆ ರಕ್ತವನ್ನೊದಗಿಸುವ ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿಯು ಮುಚ್ಚಿಹೋದರೆ ಹೃದಯಾಘಾತವಾಗುತ್ತದೆ. ರಕ್ತ ದೊರೆಯದ ಸ್ನಾಯುವು ಗಳಿಗೆಗಳಿಗೆಗೂ ಸಾಯುತ್ತ ಹೋಗುವುದು. ಸತ್ತ ಭಾಗವು ಮರಳಿ ಬದುಕದು. ಇಂತಹ ಹೆಪ್ಪನ್ನು ಕರಗಿಸುವ ಗುಣವು ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಲ್ಲಿರುವುದನ್ನು ಅಮೆರಿಕದ ವಿಲಿಯಂ ಟಿಲೆಟ್ ಎಂಬವರು ೧೯೩೩ರಲ್ಲಿಯೇ ಪ್ರಕಟಿಸಿದ್ದರು. ಆದರೂ ಅದರಿಂದ ಪಡೆದ ಸ್ಟ್ರೆಪ್ಟೊಕೈನೇಸ್ ಎಂಬ ಮದ್ದು ಐವತ್ತು ವರ್ಷಗಳ ಕಾಲ ಹೃದಯಾಘಾತಕ್ಕೆ ವಾಡಿಕೆಯ ಔಷಧವಾಗಲಿಲ್ಲ. ಚಿಕ್ಕ ಚಿಕ್ಕ ಪರೀಕ್ಷೆಗಳು ಒಂದೊಂದು ಒಂದೊಂದು ವಿಧವಾಗಿ ನುಡಿದುವು. ರಕ್ತಸ್ರಾವದ ಭಯವೂ ವೈದ್ಯರ ಕೈಯನ್ನು ಹಿಡಿಯಿತು.

ಈ ಸಂದೇಹವನ್ನು ನೀಗಿಸಿದುದು ಎರಡು ದೊಡ್ಡ ಪರೀಕ್ಷೆಗಳು. ಇಟಲಿಯ ವೈದ್ಯರು ೧೧,೮೦೬ ರೋಗಿಗಳ ಮೇಲೆ ನಡೆಯಿಸಿ ೧೯೮೬ರಲ್ಲಿ ಪ್ರಕಟಿಸಿದುದು ಮೊದಲನೆಯದು. ಎರಡನೆಯದು ಆಕ್ಸ್‌ಫರ್ಡಿನವರ ಮೇಲ್ವಿಚಾರಣೆಯಲ್ಲಿ ೪೧೭ ಆಸ್ಪತ್ರೆಗಳ ೧೭,೧೮೭ ರೋಗಿಗಳನ್ನು ಒಳಗೊಂಡು ೧೯೮೮ರಲ್ಲಿ ಪ್ರಕಟವಾಯಿತು. ಯಾರಿಗೆ ಯಾವ ಮದ್ದೆಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ ಚೀಟಿಯೆತ್ತಿದಂತೆ ಗೊತ್ತುಮಾಡಿದರು. ಸ್ಟ್ರೆಪ್ಟೊಕೈನೇಸನ್ನಾಗಲಿ ಆಸ್ಪಿರಿನ್ನನ್ನಾಗಲಿ ಪಡೆಯದವರಲ್ಲಿ ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಮೃತರಾದವರು ನೂರಕ್ಕೆ ೧೩.೨, ಎರಡನ್ನೂ ಪಡೆದವರಲ್ಲಿ ೮. ನೂರು ಮನೆಗಳಲ್ಲಿ ಐದು ಮನೆಗಳ ದೀಪವು ಆರದೆ ಉಳಿಯಿತು. ಆಸ್ಪಿರಿನ್ನಿನಂತಹ ಅಗ್ಗದ ಗುಳಿಗೆಗೂ ಇದರಲ್ಲಿ ಅರ್ಧದಷ್ಟು ಪಾಲಿದ್ದಿತೆಂಬುದು ಸ್ಮರಣೀಯವು.

ಈ ಸರಣಿಯ ಮೊದಲನೆಯ ಪರೀಕ್ಷೆಯಲ್ಲಿ ದುಡಿದ ಡಾಕ್ಟರ್ ಸಲೀಂ ಯೂಸುಫರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರೆಂಬುದು ನಮಗೆ ಹೆಮ್ಮೆಯ ವಿಷಯವು.

ಇಲ್ಲೊಂದು ವಿನೋದವೂ ಉಂಟು. ರೋಗಿಗಳನ್ನು ಸಣ್ಣ ಸಣ್ಣ ಪಂಗಡಗಳಾಗಿ ವಿಂಗಡಿಸಿ ಫಲವನ್ನು ಹೇಳುವುದರಲ್ಲಿರುವ ಮೋಸವನ್ನು ತೋರಿಸುವುದಕ್ಕಾಗಿ, ಸಂಶೋಧಕರು ಅವರನ್ನು ಜನ್ಮರಾಶಿಗಳಿಗನುಸಾರವಾಗಿಯೂ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಹಿತವಲ್ಲವೆಂಬಂತೆ ಲೆಕ್ಕವು ಬಂದಿತು! ನಾಲ್ಕಾರು ಜನರ ಅನುಭವದಿಂದ ಸಿದ್ಧಾಂತವನ್ನು ಕಟ್ಟಬಾರದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ನಿದರ್ಶನವು ದುರ್ಲಭ.

ಇಟಲಿಯ ಪರೀಕ್ಷೆಯು ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿತು: ನೋವು ತೋರಿದ ಮೊದಲ ಗಂಟೆಯಲ್ಲಿ ಮದ್ದು ಪಡೆದವರಿಗೆ ಆದ ಲಾಭವು ತಡವಾಗಿ ಪಡೆದವರಿಗೆ ಆಗಲಿಲ್ಲ. ಧಮನಿಯೊಳಗೆ ಸಣ್ಣ ನಳಿಕೆಯನ್ನು ಸೇರಿಸಿ ದಾರಿಯನ್ನು ತೆರೆಯುವ ಆಂಜಿಯೋಪ್ಲಾಸ್ಟಿಯು ಬೇಗನೆ ದೊರೆಯುವಲ್ಲಿ ಅದೇ ಮೇಲಾದುದು, ನಿಜ. ಆದರೆ ಅಂತಹ ಆಸ್ಪತ್ರೆಗೆ ನಾಲ್ಕು ತಾಸಿನ ದಾರಿಯಿರುವ ಹಳ್ಳಿಯವನು ಏನು ಮಾಡಬೇಕು?

ಕರ್ನಾಟಕ ಸರಕಾರವು ೨೦೨೩ರಲ್ಲಿ ಆರಂಭಿಸಿದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುವ ಪ್ರಯತ್ನವು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಜಯದೇವ ಸಂಸ್ಥೆಯಂತಹ ಕೇಂದ್ರದ ತಜ್ಞರ ಸಲಹೆಯನ್ನು ಪಡೆದು, ಟೆನೆಕ್ಟೆಪ್ಲೇಸ್ ಎಂಬ ಹೊಸ ಕರಗಿಸುವ ಮದ್ದನ್ನು ಉಚಿತವಾಗಿ ಚುಚ್ಚುವುದು ಅದರ ಕ್ರಮವು. ತೂಕಕ್ಕೆ ತಕ್ಕಂತೆ ಒಂದೇ ಸಲಕ್ಕೆ ಕೊಡಬಹುದಾದುದರಿಂದ ಈ ಮದ್ದು ಚಿಕ್ಕ ಆಸ್ಪತ್ರೆಗೆ ಅನುಕೂಲವಾದುದು. ಆಮೇಲೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲೇಬೇಕು.

ಯೋಜನೆಯು ಕಾಗದದ ಮೇಲಿದ್ದರೆ ಹೆಪ್ಪು ಕರಗದು. ರಾತ್ರಿಯಲ್ಲಿಯೂ ಯಂತ್ರವು ನಡೆಯುತ್ತಿರುವುದೇ? ಮದ್ದು ಉಗ್ರಾಣದಲ್ಲಿದೆಯೇ? ಅದನ್ನು ಕೊಡಬಲ್ಲವರು ಕೆಲಸದ ಮೇಲಿರುವರೇ? ಪ್ರತಿಯೊಂದು ಊರಿನ ಮಹಾಜನರು ಈ ಮೂರು ಪ್ರಶ್ನೆಗಳನ್ನು ತಮ್ಮ ಆಸ್ಪತ್ರೆಗೆ ಹಾಕಬೇಕು. ನೋವು ಆರಂಭವಾದ ಹೊತ್ತಿನಿಂದ ಮದ್ದು ಮೈಸೇರಿದ ಹೊತ್ತಿನವರೆಗೆ ಎಷ್ಟು ನಿಮಿಷಗಳು ಕಳೆದುವೆಂಬುದನ್ನು ಅಧಿಕಾರಿಗಳು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಬರೆಯಿಸಿ, ಪ್ರತಿವರ್ಷವೂ ಪ್ರಕಟಿಸಬೇಕು. ಅದೂ ಸಂಶೋಧನೆಯೇ, ನಮ್ಮ ಜನರಿಗೆ ಅತ್ಯಂತ ಅವಶ್ಯವಾದ ಸಂಶೋಧನೆಯು.

ಉಳಿದ ಭಾರವು ಮನೆಯವರದು. ನಡುರಾತ್ರಿಯಲ್ಲಿ ಎದೆಯು ಬಿಗಿದು ಬೆವರು ಕಿತ್ತುಬಂದರೆ, ವಾಯುವೆಂದು ಸೋಡಾ ಕುಡಿದು ಬೆಳಗನ್ನು ಕಾಯುವ ಪದ್ಧತಿಯು ನಿಲ್ಲಲಿ. ಹದಿನೇಳು ಸಾವಿರ ರೋಗಿಗಳು ತಮ್ಮನ್ನು ಪರೀಕ್ಷೆಗೆ ಒಪ್ಪಿಸಿಕೊಂಡು ಗಳಿಸಿಕೊಟ್ಟ ಜ್ಞಾನವನ್ನು ನಾವು ಹೊಸ್ತಿಲ ಒಳಗೆ ಕುಳಿತು ಕಳೆದುಕೊಳ್ಳಬಾರದು.