ಲಾರ್ಡ್ ಕೂಪರ್ ಮತ್ತು ರಾಣಿಯ ಹೆಸರಿನ ಅಂಕಿ

1707ರಲ್ಲಿ ಇಂಗ್ಲೆಂಡಿನೊಡನೆ ಒಂದಾಗಿ ತನ್ನ ಪಾರ್ಲಿಮೆಂಟನ್ನು ಬಿಟ್ಟುಕೊಟ್ಟ ಸ್ಕಾಟ್ಲೆಂಡ್, ತನ್ನ ಕಾನೂನನ್ನೂ ಕೋರ್ಟುಗಳನ್ನೂ ಮಾತ್ರ ಉಳಿಸಿಕೊಂಡಿತು. ಸಿವಿಲ್ ವ್ಯಾಜ್ಯಗಳಿಗೆ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್, ಗಂಭೀರ ಅಪರಾಧಗಳಿಗೆ ಹೈಕೋರ್ಟ್ ಆಫ್ ಜಸ್ಟಿಷಿಯರಿ. ಎರಡಕ್ಕೂ ಮುಖ್ಯಸ್ಥರು ಒಬ್ಬರೇ. ಅಲ್ಲಿ ಅವರು ಲಾರ್ಡ್ ಪ್ರೆಸಿಡೆಂಟ್, ಇಲ್ಲಿ ಲಾರ್ಡ್ ಜಸ್ಟಿಸ್ ಜನರಲ್. 1947ರಿಂದ 1954ರವರೆಗೆ ಆ ಪೀಠದಲ್ಲಿದ್ದವರು ಥಾಮಸ್ ಮ್ಯಾಕೆ ಕೂಪರ್.

1892ರಲ್ಲಿ ಹುಟ್ಟಿ 1915ರಲ್ಲಿ ವಕೀಲರಾದ ಕೂಪರ್, 1935ರಲ್ಲಿ ಯೂನಿಯನಿಸ್ಟ್ ಪಕ್ಷದಿಂದ ಪಾರ್ಲಿಮೆಂಟಿಗೆ ಗೆದ್ದರು. ಅದೇ ವರ್ಷ ಸರ್ಕಾರದ ಹಿರಿಯ ಕಾನೂನು ಅಧಿಕಾರಿಯಾದ ಲಾರ್ಡ್ ಅಡ್ವೊಕೇಟ್ ಆದರು. 1941ರಲ್ಲಿ ಆ ಕುರ್ಚಿಯಿಂದ ಎದ್ದು ನೇರವಾಗಿ ಎರಡನೇ ಅತಿ ದೊಡ್ಡ ನ್ಯಾಯಾಧೀಶರ ಪೀಠದಲ್ಲಿ ಕೂತರು. ನಮ್ಮಲ್ಲಿ ಇಂಥದ್ದು ನಡೆದರೆ ಗದ್ದಲವೇ ಏಳುತ್ತದೆ; ಅಲ್ಲಿ ಆಗ ಅದು ರೂಢಿ. ಯುದ್ಧದ ನಡುವೆಯೇ ಸರ್ಕಾರ ಅವರಿಗೆ ಕೋರ್ಟಿನ ಹೊರಗಿನ ಕೆಲಸವೊಂದನ್ನೂ ವಹಿಸಿತು. ಉತ್ತರದ ಬೆಟ್ಟನಾಡಿನ ಹೊಳೆಗಳಿಂದ ವಿದ್ಯುತ್ ತೆಗೆಯಬಹುದೇ ಎಂದು ನೋಡಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಆ ವರದಿಯ ಬೆನ್ನಿಗೆ 1943ರಲ್ಲಿ ಜಲವಿದ್ಯುತ್ ಮಂಡಳಿ ಹುಟ್ಟಿತು.

ಪೊಲೀಸರ ವಿಷಯದಲ್ಲಿ ಕೂಪರ್ ಬಿಗಿ. ಕೊಲೆ ಆರೋಪ ಹೊತ್ತ ಹದಿನಾರರ ಹುಡುಗನೊಬ್ಬನನ್ನು ಪೊಲೀಸರು ಠಾಣೆಯಲ್ಲಿ ಪ್ರಶ್ನಿಸಿ, ಹೊಲಕ್ಕೆ ಕರೆದೊಯ್ದು, ಸತ್ತವನ ಹಣದ ಚೀಲ ಬಿದ್ದಿದ್ದ ಜಾಗವನ್ನು ಅವನಿಂದಲೇ ತೋರಿಸಿಕೊಂಡಿದ್ದರು. 1954ರ ಚಾಮರ್ಸ್ ಪ್ರಕರಣವಿದು. ಹೀಗೆ ಹೊರಡಿಸಿದ ಸಾಕ್ಷ್ಯ ನ್ಯಾಯವಾಗಿ ಬಂದದ್ದಲ್ಲ ಎಂದು ಕೂಪರ್ ಪೀಠ ಶಿಕ್ಷೆಯನ್ನೇ ರದ್ದು ಮಾಡಿತು.

ಆದರೆ ಅವರ ಹೆಸರು ಇಂದಿಗೂ ಓಡಾಡುತ್ತಿರುವುದು 1953ರ ಮ್ಯಾಕಾರ್ಮಿಕ್ ದಾವೆಯಿಂದ. ಹೊಸ ರಾಣಿ 'ಎರಡನೇ ಎಲಿಜಬೆತ್'. ಮೊದಲನೆಯ ಎಲಿಜಬೆತ್ ಆಳಿದ್ದು ಇಂಗ್ಲೆಂಡನ್ನು, ಸ್ಕಾಟ್ಲೆಂಡನ್ನಲ್ಲ. ಹಾಗಿದ್ದಮೇಲೆ ನಮಗೆ ಎರಡನೆಯವಳು ಎಲ್ಲಿಂದ ಬಂದಳು ಎಂದು ಸ್ಕಾಟರು ಕೇಳಿದರು. ಸಿಟ್ಟು ಎಷ್ಟಿತ್ತೆಂದರೆ ಆ ಅಂಕಿ ಹೊತ್ತ ಅಂಚೆಪೆಟ್ಟಿಗೆಯೊಂದನ್ನು ಎಡಿನ್‌ಬರೋದಲ್ಲಿ ಸಿಡಿಮದ್ದಿಟ್ಟು ಹಾರಿಸಿದರು. ಕೋರ್ಟಿಗೆ ಹೋದವರು ಸ್ವರಾಜ್ಯವಾದಿ ಜಾನ್ ಮ್ಯಾಕಾರ್ಮಿಕ್ ಮತ್ತು ಇಯಾನ್ ಹ್ಯಾಮಿಲ್ಟನ್. 1950ರ ಕ್ರಿಸ್‌ಮಸ್ಸಿನಂದು ವೆಸ್ಟ್‌ಮಿನ್‌ಸ್ಟರ್ ಅಬೆಯಿಂದ ಸ್ಕಾಟ್ ರಾಜರ ಪಟ್ಟಾಭಿಷೇಕದ ಕಲ್ಲನ್ನು ಎತ್ತಿಕೊಂಡು ಹೋದವರಲ್ಲಿ ಈ ಹ್ಯಾಮಿಲ್ಟನ್ನೂ ಒಬ್ಬ!

ದಾವೆ ಬಿದ್ದುಹೋಯಿತು. ಅಂಕಿ ಹಾಕಿಕೊಳ್ಳುವುದು ಅರಸೊತ್ತಿಗೆಯ ಅಧಿಕಾರ, ಅದನ್ನು ಪ್ರಶ್ನಿಸುವ ಹಕ್ಕು ಇವರಿಗಿಲ್ಲ ಎಂದಿತು ಕೋರ್ಟು. ಕೂಪರ್ ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಪಾರ್ಲಿಮೆಂಟು ಏನು ಬೇಕಾದರೂ ಮಾಡಬಹುದು ಎಂಬುದು ಇಂಗ್ಲಿಷರ ಸಿದ್ಧಾಂತ, ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅಂಥದ್ದಿಲ್ಲ ಎಂದರು. ಎರಡು ಪಾರ್ಲಿಮೆಂಟುಗಳು ಕೂಡಿ ಒಂದಾದಾಗ ಇಂಗ್ಲೆಂಡಿನ ಗುಣಗಳೇ ಉಳಿದು ಸ್ಕಾಟ್ಲೆಂಡಿನವು ಅಳಿದವೆಂದು ಏಕೆ ತಿಳಿಯಬೇಕು ಎಂದು ಕೇಳಿದರು. ಒಕ್ಕೂಟವನ್ನೇ ನೆಚ್ಚಿದ ಪಕ್ಷದಿಂದ ಬಂದವರ ಬಾಯಲ್ಲಿ ಈ ಮಾತು! ಜಾಣರು ಬೇರೆ: ಪಾರ್ಲಿಮೆಂಟು 1707ರ ಒಕ್ಕೂಟದ ಒಪ್ಪಂದದ ಗೆರೆ ದಾಟಿದರೆ ತಡೆಯುವ ಅಧಿಕಾರ ಕೋರ್ಟಿಗಿದೆಯೇ ಎಂಬುದನ್ನು ತೀರ್ಮಾನಿಸದೆ ಬಿಟ್ಟರು.

ಆರೋಗ್ಯ ಕೆಟ್ಟು 1954ರಲ್ಲಿ ನಿವೃತ್ತರಾದ ಕೂಪರ್ ಮರುವರ್ಷ ತೀರಿಕೊಂಡರು. 2005ರಲ್ಲಿ ನರಿಬೇಟೆ ನಿಷೇಧದ ಕಾಯ್ದೆಯನ್ನು ಪ್ರಶ್ನಿಸಿದ ಪ್ರಕರಣ, ಆಗ ಕೊನೆಯ ಮೇಲ್ಮನವಿಯ ಕೋರ್ಟೂ ಆಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಾಗ, ಹಿಂದೆ ಲಾರ್ಡ್ ಪ್ರೆಸಿಡೆಂಟ್ ಆಗಿದ್ದ ಲಾರ್ಡ್ ಹೋಪ್ ಕೂಪರ್ ಮಾತನ್ನು ನೆನೆದು, ಪಾರ್ಲಿಮೆಂಟಿನ ಅಧಿಕಾರ ಮೇರೆಯಿಲ್ಲದ್ದಲ್ಲ ಎಂದು ಬರೆದರು.